ಒಂದು ಎಕರೆ ಟೊಮೆಟೊ ಬೇಡ, 10 ಗುಂಟೆ ತರಕಾರಿ ಸಾಕು

ಪ್ಲೇಸ್‌ಮೆಂಟ್ ಸೀಸನ್ ಶುರುವಾದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಥರದ ಸುದ್ದಿ ಓಡಾಡುತ್ತೆ. ಒಂದು, ಯಾವ ಕಂಪನಿ ಎಷ್ಟು ಪ್ಯಾಕೇಜ್ ಕೊಡ್ತಿದೆ ಅನ್ನೋದು. ಇನ್ನೊಂದು, ಲಕ್ಷ ರೂಪಾಯಿ ಸಂಬಳದ ಕೆಲಸ ಬಿಟ್ಟು ತರಕಾರಿ ಬೆಳೆದು ಕೋಟಿ ಗಳಿಸಿದ ಇಂಜಿನಿಯರ್ ಅನ್ನೋ ವಿಡಿಯೋ. ಮೊದಲನೆಯದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ, ಎರಡನೆಯದನ್ನು ನೋಡಿದರೆ ಊರಿನ ಜಮೀನು ನೆನಪಾಗುತ್ತೆ. ರಾತ್ರಿ ಹಾಸ್ಟೆಲ್ ಟೆರೇಸಿನಲ್ಲಿ ಕೂತು 'ಸುಮ್ನೆ ಊರಿಗೆ ಹೋಗಿ ತೋಟ ಮಾಡಿಬಿಡೋಣ ಮಗಾ' ಅಂತ ಯಾರಾದರೂ ಒಬ್ಬ ಹೇಳಿಯೇ ಹೇಳ್ತಾನೆ.

ಅದೇ ಮಾತನ್ನು ಮನೆಗೆ ಫೋನ್ ಮಾಡಿ ಹೇಳಿ ನೋಡಿ. 'ನಮ್ ಥರ ಮಣ್ಣಲ್ಲಿ ಒದ್ದಾಡಬಾರದು ಅಂತ ತಾನೇ ನಿನ್ನ ಓದಿಸಿದ್ದು?' ಅನ್ನೋ ಉತ್ತರ ಬರುತ್ತೆ. ಆ ಉತ್ತರದ ಹಿಂದೆ ಒಣಗಿದ ಬೋರ್‌ವೆಲ್‌ಗಳಿವೆ, ಸೊಸೈಟಿ ಸಾಲ ಇದೆ, ಮಂಡಿಯಿಂದ ಖಾಲಿ ಕೈಯಲ್ಲಿ ವಾಪಸ್ ಬಂದ ದಿನಗಳಿವೆ. ಅದನ್ನು ಹಳೇ ಕಾಲದವರ ಹೆದರಿಕೆ ಅಂತ ತಳ್ಳಿಹಾಕೋದು ನಮಗೆ ಶೋಭೆಯಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಕೋಟಿ ಗಳಿಸಿದ ವಿಡಿಯೋ ಆಗಲಿ, 'ವ್ಯವಸಾಯ ಅಂದ್ರೆ ಸಾಲ' ಅನ್ನೋ ಮಾತಾಗಲಿ, ಎರಡರಲ್ಲೂ ಪೂರ್ತಿ ಲೆಕ್ಕ ಇಲ್ಲ. ಸಣ್ಣ ತರಕಾರಿ ತೋಟದಿಂದ ಮರ್ಯಾದೆಯ ಸಂಪಾದನೆ ಸಾಧ್ಯ ಇದೆ. ಆದರೆ ಅದಕ್ಕೆ ಮೂರು ಷರತ್ತು: 10 ಗುಂಟೆಗಿಂತ ಹೆಚ್ಚಿಗೆ ಶುರು ಮಾಡಬಾರದು, ಬೀಜಕ್ಕಿಂತ ಮೊದಲು ಗಿರಾಕಿ ಹುಡುಕಬೇಕು, ಮನೆಯವರ ದುಡಿಮೆಗೂ ಕೂಲಿ ಹಾಕಿ ಲೆಕ್ಕ ಬರೀಬೇಕು. ಈ ಮೂರನ್ನು ಮಾಡೋ ತನಕ ಯಾರೂ ಕೆಲಸ ಬಿಡಬೇಡಿ.

ಡಿಲೇ ಇರೋ ಫೀಡ್‌ಬ್ಯಾಕ್ ಲೂಪ್

ಮೊದಲು ಟೊಮೆಟೊ ವಿಷಯ ಮುಗಿಸೋಣ, ಯಾಕಂದ್ರೆ ಹೊಸಬರೆಲ್ಲ ಮೊದಲು ಕೈ ಹಾಕೋದು ಅಲ್ಲಿಗೇ.

2023ರ ಜುಲೈ ನಿಮಗೂ ನೆನಪಿರಬೇಕು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಹೊಲಕ್ಕೆ ರಾತ್ರಿ ಕಾವಲು ಹಾಕಿದ್ದು ಟಿವಿಯಲ್ಲಿ ಬಂತು. ನಮ್ಮ ಮೆಸ್ಸಿನ ಸಾರಿನಲ್ಲಿ ಹುಣಸೆಹಣ್ಣು ಮಾತ್ರ ಉಳೀತು. ಅದಕ್ಕೆ ಕೆಲವೇ ವಾರ ಮೊದಲು ಅದೇ ಟೊಮೆಟೊಗೆ ಕೇಳೋರಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ದರ ಮತ್ತೆ ನೆಲ ಕಚ್ಚಿತ್ತು.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದರಲ್ಲಿ ಆಶ್ಚರ್ಯ ಇರಬಾರದು. ದರ ಏರಿದ್ದನ್ನು ನೋಡಿ ರೈತ ಸಸಿ ನೆಡ್ತಾನೆ. ನಾಟಿಯಾದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕಟಾವು. ಅಂದ್ರೆ ಇವತ್ತಿನ ದರ ಅನ್ನೋ ಇನ್‌ಪುಟ್‌ಗೆ ಔಟ್‌ಪುಟ್ ಬರೋದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅದೇ ದರ ನೋಡಿದ ಅಕ್ಕಪಕ್ಕದ ಸಾವಿರಾರು ಜನ ಕೂಡ ನೆಟ್ಟಿರ್ತಾರೆ. ಫೀಡ್‌ಬ್ಯಾಕ್ ಲೂಪಿನಲ್ಲಿ ಇಷ್ಟು ದೊಡ್ಡ ಡಿಲೇ ಇದ್ದರೆ ಏನಾಗುತ್ತೆ? ಆಸಿಲೇಶನ್. ಪರೀಕ್ಷೆಯಲ್ಲಿ ಇದಕ್ಕೆ ಗ್ರಾಫ್ ಬರೆದು ಮಾರ್ಕ್ಸ್ ತಗೊಂಡ ನಾವು, ಊರಿಗೆ ಹೋದಾಗ 'ಈ ಸಲ ಟೊಮೆಟೊ ರೇಟ್ ಚೆನ್ನಾಗಿದೆ' ಅಂತ ಒಂದು ಎಕರೆ ನೆಡೋಕೆ ಹೊರಡ್ತೀವಿ.

ದರ ಬಿದ್ದಾಗ ರೈತರು ಟೊಮೆಟೊ ರಸ್ತೆಗೆ ಸುರಿಯೋದನ್ನು ನೋಡಿ 'ಸುಮ್ನೆ ಯಾರಿಗಾದರೂ ಕೊಡಬಾರದಾ' ಅನ್ನೋರಿದ್ದಾರೆ. ಕೀಳೋ ಕೂಲಿ, ಬಾಕ್ಸು, ಲಾರಿ ಬಾಡಿಗೆ, ಮಂಡಿಯ ಕಡಿತ ಎಲ್ಲ ಸೇರಿ ಬಾಕ್ಸಿನ ದರಕ್ಕಿಂತ ಹೆಚ್ಚಾದರೆ, ಒಂದೊಂದು ಬಾಕ್ಸ್ ಕಿತ್ತಾಗಲೂ ನಷ್ಟ ಹೆಚ್ಚುತ್ತಾ ಹೋಗುತ್ತೆ. ಗಿಡದಲ್ಲೇ ಕೊಳೆಯೋಕೆ ಬಿಡೋದು ಆಗ ಅಗ್ಗದ ದಾರಿ. ಅದು ಸೋಮಾರಿತನ ಅಲ್ಲ, ಶುದ್ಧ ಗಣಿತ.

ಅನುಭವಸ್ಥ ರೈತ ಇದನ್ನು ತಡ್ಕೊಳ್ತಾನೆ. ಮೂರು ಬೆಳೆ ಹೋದರೂ ನಾಲ್ಕನೆಯದರಲ್ಲಿ ಎದ್ದು ನಿಲ್ಲಬಹುದು ಅನ್ನೋ ಲೆಕ್ಕ ಅವನದ್ದು. ಹೊಸಬರ ಹತ್ತಿರ ಮೂರು ಬೆಳೆ ಕಳ್ಕೊಳ್ಳೋ ದುಡ್ಡೂ ಇರಲ್ಲ, ಮನೆಯವರ ತಾಳ್ಮೆಯೂ ಇರಲ್ಲ. ಒಂದೇ ಬೆಳೆ ಹೋದರೆ ಸಾಕು, 'ನಾನು ಹೇಳ್ಲಿಲ್ವಾ' ಅನ್ನೋ ಮಾತು ಜೀವನಪರ್ಯಂತ ಕೇಳಬೇಕು.

10 ಗುಂಟೆ ಅಂದ್ರೆ ಎಷ್ಟು?

40 ಗುಂಟೆಗೆ ಒಂದು ಎಕರೆ. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಅಂದಾಜು 100 ಚದರ ಮೀಟರ್. ಹಾಗಾಗಿ 10 ಗುಂಟೆ ಅಂದ್ರೆ ಸುಮಾರು 1,000 ಚದರ ಮೀಟರ್. ಊರಲ್ಲಿ ಯಾರಿಗಾದರೂ '10 ಗುಂಟೇಲಿ ವ್ಯವಸಾಯ' ಅಂದ್ರೆ ನಗ್ತಾರೆ. ನಗಲಿ ಬಿಡಿ.

ಇದನ್ನು ಏರುಮಡಿಗಳಾಗಿ ಒಡೆಯೋಣ. ಮೂರು ಅಡಿ ಅಗಲದ ಮಡಿ, ಪಕ್ಕಕ್ಕೆ ಒಂದೂವರೆ ಅಡಿ ಓಡಾಡೋ ಜಾಗ, ಉದ್ದ 33 ಅಡಿ. ಗುಂಟೆಗೆ ಏಳು ಮಡಿ ಬರುತ್ತೆ, 10 ಗುಂಟೆಗೆ 70. ದಾರಿ, ನೀರಿನ ತೊಟ್ಟಿ, ಗೊಬ್ಬರದ ಗುಂಡಿಗೆ 10 ಮಡಿ ಬಿಟ್ಟರೂ 60 ಉಳಿಯುತ್ತೆ. ಎಲ್ಲ ಮಡಿಗಳೂ ಒಂದೇ ಅಳತೆ ಇರೋದರಿಂದ ಡ್ರಿಪ್ ಪೈಪು, ನೆರಳಿನ ಬಲೆ, ಹೊದಿಕೆ ಯಾವ ಮಡಿಗೆ ಬೇಕಾದರೂ ಹೊಂದುತ್ತೆ. ಇವತ್ತು ಬೀನ್ಸ್‌ಗೆ ಹಾಕಿದ ಪೈಪನ್ನು ನಾಳೆ ಮೂಲಂಗಿಗೆ ಎಳೆಯಬಹುದು.

ಇನ್ನು ನೀರು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಅಂತ ಇಟ್ಕೊಳ್ಳಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಆದ್ದರಿಂದ 1,000 ಚದರ ಮೀಟರಿಗೆ ದಿನಕ್ಕೆ 5,000 ಲೀಟರ್. ನಿಮ್ಮ ಬೋರ್‌ವೆಲ್ ಎಷ್ಟು ಕೊಡುತ್ತೆ ಅಂತ ತಿಳ್ಕೊಳ್ಳೋಕೆ 200 ಲೀಟರಿನ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚು ಸಾಕು. ಡ್ರಮ್ ತುಂಬೋಕೆ 4 ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್, ಅಂದ್ರೆ ಎರಡು ಗಂಟೆಯೊಳಗೆ ಕೆಲಸ ಮುಗಿಯಿತು. ಇದೇ ಲೆಕ್ಕವನ್ನು ಒಂದು ಎಕರೆಗೆ ಮಾಡಿ ನೋಡಿ: 20,000 ಲೀಟರ್, ಹೆಚ್ಚುಕಡಿಮೆ ಏಳು ಗಂಟೆ. ತ್ರೀ ಫೇಸ್ ಕರೆಂಟು ಇರೋದೇ ಅಷ್ಟು ಹೊತ್ತು, ಅದೂ ಸರಿಯಾಗಿ ಬಂದರೆ. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ. ನವೆಂಬರಿನಲ್ಲಿ ಎಲ್ಲಾ ಬೋರೂ ಒಳ್ಳೇದೇ.

ಬೀಜಕ್ಕಿಂತ ಮೊದಲು ಗಿರಾಕಿ

ಯೂಟ್ಯೂಬ್‌ನಲ್ಲಿ ಸಣ್ಣ ತೋಟದ ವಿಡಿಯೋ ನೋಡೋರಿಗೆ ಕೆನಡಾದ ಜಾನ್-ಮಾರ್ಟಿನ್ ಫೋರ್ಟಿಯೇ ಹೆಸರು ಗೊತ್ತಿರುತ್ತೆ. ಕ್ವಿಬೆಕ್‌ನಲ್ಲಿ ಒಂದೂವರೆ ಎಕರೆಯಲ್ಲಿ ತರಕಾರಿ ಬೆಳೆದು ಸಂಸಾರ ನಡೆಸಿದವರು. ಅವರ ಮಡಿಗಳ ಅಳತೆ, ಉಪಕರಣಗಳನ್ನು ನೋಡಿ ನಮ್ಮವರು ಮರುಳಾಗ್ತಾರೆ. ಆದರೆ ಅವರು ಬೆಳೆದದ್ದನ್ನು ಮಾರಿದ್ದು ವಾರವಾರ ಬುಟ್ಟಿ ತಗೊಳ್ಳೋ ಖಾಯಂ ಮನೆಗಳಿಗೆ ಮತ್ತು ರೈತರ ಸಂತೆಯಲ್ಲಿ, ಅದೂ ತಾವೇ ಹೇಳಿದ ದರಕ್ಕೆ. ಆ ಅರ್ಧವನ್ನು ಬಿಟ್ಟು ಬರೀ ಮಡಿಯನ್ನು ನಕಲು ಮಾಡಿದರೆ, ಲ್ಯಾಬ್ ರೆಕಾರ್ಡ್ ಕಾಪಿ ಮಾಡಿ ವೈವಾಕ್ಕೆ ಹೋದ ಹಾಗೆ.

ನಮ್ಮಲ್ಲಿ ಏನು ಮಾಡಬಹುದು? ಒಂದು ಉದಾಹರಣೆ ಲೆಕ್ಕ ಹಾಕೋಣ. ಅಂಕಿಗಳು ಕಲಿಯೋಕೆ ಮಾತ್ರ, ನಿಮ್ಮೂರಿನ ಅಂಕಿ ನೀವೇ ತುಂಬಿಕೊಳ್ಳಿ.

20 ಮನೆಗಳು. ಪ್ರತಿ ಮನೆಗೆ ವಾರಕ್ಕೆ 4 ಕೆಜಿ ಚೀಲ: ಎರಡು ಥರ ಸೊಪ್ಪು, ಒಂದಿಷ್ಟು ಟೊಮೆಟೊ, ಬೀನ್ಸು, ಬದನೆ, ಮೂಲಂಗಿ, ಹಸಿಮೆಣಸಿನಕಾಯಿ. ಚೀಲಕ್ಕೆ 200 ರೂಪಾಯಿ. ವಾರಕ್ಕೆ 4,000, ನಾಲ್ಕು ವಾರಕ್ಕೆ 16,000. ಬೀಜ, ಸಸಿ, ಗೊಬ್ಬರ, ಪೆಟ್ರೋಲು, ಚೀಲ, ರಿಪೇರಿ ಎಲ್ಲ ಸೇರಿ 6,000 ಕಳೆದರೆ 10,000 ಉಳಿಯುತ್ತೆ. ಅದೇ 320 ಕೆಜಿ ತರಕಾರಿ ಮಂಡಿಗೆ ಹೋಗಿ ಸರಾಸರಿ ಕೆಜಿಗೆ 15 ರೂಪಾಯಿ ಸಿಕ್ಕರೆ ಬರೋದು 4,800. ಖರ್ಚೇ ಹುಟ್ಟಲ್ಲ. ಮಣ್ಣು ಅದೇ, ನೀರು ಅದೇ, ಬೆವರೂ ಅದೇ. ಮಾರಿದ ದಾರಿ ಮಾತ್ರ ಬೇರೆ.

ಈಗ ಇದೇ ಲೆಕ್ಕವನ್ನು ಸ್ವಲ್ಪ ಅಲ್ಲಾಡಿಸಿ. 20ರಲ್ಲಿ 5 ಮನೆ ಬಿಟ್ಟು ಹೋದವು ಅಂದ್ಕೊಳ್ಳಿ. ಆದಾಯ 12,000, ಖರ್ಚು ಅಷ್ಟೇ ಇದ್ದರೆ ಉಳಿಕೆ 6,000. ಗಿರಾಕಿ ಕಮ್ಮಿಯಾಗಿದ್ದು ಕಾಲು ಭಾಗ, ಲಾಭ ಕಮ್ಮಿಯಾಗಿದ್ದು ಶೇಕಡಾ 40. ಹಾಗಾಗಿ ಸಣ್ಣ ತೋಟದ ಅತಿ ದೊಡ್ಡ ರೋಗ ಎಲೆ ಮುದುಡು ರೋಗ ಅಲ್ಲ, 'ಈ ವಾರ ಬೇಡ ಬಿಡಿ' ಅನ್ನೋ ಮೆಸೇಜು. ಆ ಮೆಸೇಜು ಯಾವಾಗ ಬರುತ್ತೆ? ಮೂರು ವಾರ ಬರೀ ಮೂಲಂಗಿ ಕಳಿಸಿದಾಗ, ಶನಿವಾರ ಅಂತ ಹೇಳಿ ಸೋಮವಾರ ತಲುಪಿಸಿದಾಗ, ರಾಸಾಯನಿಕ ಹೊಡೆದು ಸಾವಯವ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದಾಗ. ಏನು ಹಾಕಿ ಬೆಳೆದಿದ್ದೀರೋ ಹಾಗೇ ಹೇಳಿ. ನಂಬಿಕೆ ಉಳಿದರೆ ಹುಳ ಬಿದ್ದ ಬದನೆಕಾಯಿಯನ್ನೂ ಕ್ಷಮಿಸ್ತಾರೆ.

ಮೂಲಂಗಿ ಸಮಸ್ಯೆಗೆ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಗೆಳೆಯರು ಓದೋ ಲಿಟಲ್ಸ್ ಲಾ ಉತ್ತರ ಕೊಡುತ್ತೆ. ವಾರಕ್ಕೆ ಎರಡು ಮಡಿ ಸೊಪ್ಪು ಬೇಕು, ಮಡಿ ಸಿದ್ಧ ಮಾಡಿ ಬಿತ್ತಿ ಕೊಯ್ಯೋಕೆ ಐದು ವಾರ ಹಿಡಿಯುತ್ತೆ ಅಂದ್ರೆ, ಯಾವಾಗಲೂ 10 ಮಡಿ ಸೊಪ್ಪಿಗೆ ಮೀಸಲಿರಬೇಕು. ಪ್ರತಿ ವಾರ ಎರಡು ಮಡಿ ಬಿತ್ತು, ಎರಡು ಮಡಿ ಕೊಯ್ಯಿ. ಹರಿವೆ, ಮೆಂತ್ಯ ಸುಮಾರು ಒಂದು ತಿಂಗಳಿಗೆ ಕೈಗೆ ಬರುತ್ತೆ, ಮೂಲಂಗಿ ಒಂದೂವರೆ ತಿಂಗಳು, ಬೀನ್ಸು ಬೆಂಡೆ 45-50 ದಿನಕ್ಕೆ ಮೊದಲ ಕೊಯ್ಲು. ಒಂದು ಎಕ್ಸೆಲ್ ಶೀಟಿನಲ್ಲಿ 60 ಮಡಿ, 52 ವಾರ ಬರೆದುಕೊಂಡರೆ ಇಡೀ ವರ್ಷ ಕಣ್ಣಮುಂದೆ ಇರುತ್ತೆ. ಅದೇ ಶೀಟಿನಲ್ಲಿ ಇನ್ನೊಂದು ಎಚ್ಚರ: ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಒಂದಾದ ಮೇಲೆ ಒಂದನ್ನು ಅದೇ ಮಡಿಯಲ್ಲಿ ನೆಟ್ಟರೆ ಮಣ್ಣಿನಲ್ಲಿರೋ ಸೊರಗು ರೋಗಕ್ಕೆ ನಾವೇ ಊಟ ಹಾಕಿದಂತೆ.

ಟೊಮೆಟೊ ಬೇಡವೇ ಬೇಡ ಅಂತ ನಾವು ಹೇಳ್ತಿಲ್ಲ. 60 ಮಡಿಯಲ್ಲಿ ಎಂಟು ಮಡಿ ಇರಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡ್ಕೊಳ್ಳೋ ಹಾಗೆ ರೂಪಿಸಿದ್ದು. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ನೆಟ್ಟರೆ ಕಾಯಿಕೊರಕದ ಚಿಟ್ಟೆ ಹೂವಿನ ಕಡೆ ಹೋಗಿ ಮೊಟ್ಟೆ ಇಡುತ್ತೆ ಅನ್ನೋದೂ ಅದೇ ಸಂಸ್ಥೆಯ ಸಲಹೆ. ಇಂಥವನ್ನೆಲ್ಲ ನವೆಂಬರಿನ ಜಿಕೆವಿಕೆ ಕೃಷಿಮೇಳದಲ್ಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬಿಡಿಸಿ ಹೇಳ್ತಾರೆ. ಮಣ್ಣು ಪರೀಕ್ಷೆಯನ್ನೂ ಅಲ್ಲೇ ಕೇಳಿ.

ಆರ್ಡುಯಿನೋ ಆಮೇಲೆ

ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್ ನೋಡಿ. ಪ್ರತಿ ವರ್ಷ ಎರಡು ಮೂರು ತಂಡ ಸ್ಮಾರ್ಟ್ ಇರಿಗೇಷನ್ ಮಾಡ್ತಾರೆ. ಒಂದು ಪ್ಲಾಸ್ಟಿಕ್ ಕುಂಡ, ಅದರಲ್ಲೊಂದು ಸೆನ್ಸರ್, ಪಕ್ಕದಲ್ಲಿ ಆರ್ಡುಯಿನೋ, ಮಣ್ಣು ಒಣಗಿದರೆ ಪಂಪು ಆನ್. ಚೆನ್ನಾಗಿದೆ, ನಮ್ಮಲ್ಲೂ ಕೆಲವರು ಮಾಡಿದ್ದೀವಿ. ಆದರೆ ತರಕಾರಿ ಬೆಳೆಯೋರನ್ನು ಕೇಳಿ ನೋಡಿ, 'ನೀರು ಯಾವಾಗ ಬಿಡಬೇಕು ಗೊತ್ತಾಗ್ತಿಲ್ಲ' ಅಂತ ಯಾರೂ ಅಳಲ್ಲ. ಆಳು ಸಿಗಲ್ಲ, ಕಳೆ ಕೀಳೋಕೆ ಆಗ್ತಿಲ್ಲ, ರೇಟ್ ಸಿಗಲ್ಲ, ದುಡ್ಡು ಕೈಗೆ ಬರೋದು ತಡ. ಅಳೋದು ಇದಕ್ಕೆ.

ಪಾಲಿಹೌಸು, ಹೈಡ್ರೋಪೋನಿಕ್ಸು ಕೂಡ ಹಾಗೇ. ಮಾರುಕಟ್ಟೆ ಗಟ್ಟಿ ಆದವರಿಗೆ ಅವು ಉಪಯೋಗಕ್ಕೆ ಬರಬಹುದು. ಮೊದಲ ವರ್ಷವೇ ಸಾಲ ತೆಗೆದು ಕಟ್ಟಿಸಿದರೆ ಗಿಡ ಚಿಗುರೋಕೆ ಮುಂಚೆ ಕಂತು ಚಿಗುರುತ್ತೆ. 10 ಗುಂಟೆಗೆ ಮೊದಲ ದುಡ್ಡು ಹೋಗಬೇಕಾದದ್ದು ಬೇಲಿಗೆ, ಡ್ರಿಪ್ಪಿಗೆ, ಕೊಟ್ಟಿಗೆ ಗೊಬ್ಬರಕ್ಕೆ. ಬೇಲಿ ಇಲ್ಲದಿದ್ದರೆ ಒಂದೇ ಬೆಳಿಗ್ಗೆಯಲ್ಲಿ ಪಕ್ಕದ ಮನೆ ಮೇಕೆ ನಿಮ್ಮ ಎಕ್ಸೆಲ್ ಶೀಟನ್ನು ಪೂರ್ತಿ ಮೇಯುತ್ತೆ.

ನಮ್ಮ ವಿದ್ಯೆ ಉಪಯೋಗಕ್ಕೆ ಬರೋ ಜಾಗ ಬೇರೆ ಇದೆ. ಮಂಡಿಗಳ ದಿನದಿನದ ಆವಕ, ದರ ಎರಡೂ ಅಗ್‌ಮಾರ್ಕ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತೆ. ನಿಮ್ಮ ಹತ್ತಿರದ ಮಂಡಿಯ ಐದು ವರ್ಷದ ಬೀನ್ಸ್ ದರ ಇಳಿಸಿಕೊಂಡು ತಿಂಗಳುವಾರು ಸರಾಸರಿ, ಏರಿಳಿತ ನೋಡಿ. ಯಾವ ತಿಂಗಳಲ್ಲಿ ಎಲ್ಲರ ಬೆಳೆಯೂ ಒಟ್ಟಿಗೆ ಬರುತ್ತೆ ಅಂತ ಕಾಣುತ್ತೆ. ಅದು ಒಳ್ಳೆ ಮಿನಿ ಪ್ರಾಜೆಕ್ಟೂ ಹೌದು, ಅಪ್ಪನ ಜೊತೆ ಕೂತು ಮಾತಾಡೋಕೆ ಒಳ್ಳೆ ವಿಷಯವೂ ಹೌದು.

ಅಮ್ಮನ ಕೂಲಿ ಯಾರು ಬರೀತಾರೆ?

ಮೇಲಿನ ಲೆಕ್ಕದಲ್ಲಿ 10,000 ಉಳೀತು ಅಂದೆವಲ್ಲ, ಅದು ಲಾಭ ಅಲ್ಲ. ದಿನಕ್ಕೆ 4 ಗಂಟೆ ಅಂದ್ರೆ ತಿಂಗಳಿಗೆ 120 ಗಂಟೆ ಕೆಲಸ ಇದೆ. 10,000ವನ್ನು 120ರಿಂದ ಭಾಗಿಸಿದರೆ ಗಂಟೆಗೆ ಸುಮಾರು 83 ರೂಪಾಯಿ. 15 ಮನೆ ಆದರೆ 50 ರೂಪಾಯಿ. ಇದು ಕೂಲಿ. ಈ ಕೂಲಿ ಕೊಟ್ಟ ಮೇಲೆ ಉಳಿದರೆ ಅದು ಲಾಭ.

ಈ ಮಾತನ್ನು ನಾವು ಒತ್ತಿ ಹೇಳೋಕೆ ಕಾರಣ ಇದೆ. ಬೆಂಗಳೂರಲ್ಲಿ ಕೆಲಸ ಇಟ್ಕೊಂಡು ಶನಿವಾರ ಭಾನುವಾರ ಊರಿಗೆ ಹೋಗಿ ತೋಟ ಮಾಡ್ತೀನಿ ಅನ್ನೋರು ನಮ್ಮಲ್ಲಿ ಇದ್ದಾರೆ. ಸರಿ, ಸೋಮವಾರದಿಂದ ಶುಕ್ರವಾರದ ತನಕ ನೀರು ಬಿಡೋರು ಯಾರು? ಕಳೆ ಕೀಳೋರು ಯಾರು? ಶುಕ್ರವಾರ ಸಂಜೆ ಸೊಪ್ಪು ಕೊಯ್ದು, ತೊಳೆದು, ಕಟ್ಟು ಕಟ್ಟಿ ಇಡೋರು ಯಾರು? ಬಹಳ ಮನೆಗಳಲ್ಲಿ ಅದು ಅಮ್ಮ. ಅವಳ ದಿನದ ಕೆಲಸದ ಮೇಲೆ ಇನ್ನೊಂದು ಕೆಲಸ. ವಿಡಿಯೋದಲ್ಲಿ ಮಾತಾಡೋದು ಮಗ, ಬಗ್ಗಿ ಕಳೆ ಕೀಳ್ತಾ ಹಿಂದೆ ಕಾಣೋದು ಅಮ್ಮ. ಆಮೇಲೆ 'ಕೂಲಿ ಖರ್ಚೇ ಇಲ್ಲ, ಎಲ್ಲ ಮನೆಯವರೇ' ಅಂತ ಹೆಮ್ಮೆಯಿಂದ ಹೇಳ್ತೀವಿ.

ಆ ಹೆಮ್ಮೆ ನಮಗೆ ಬೇಡ. ಅಮ್ಮ 60 ಗಂಟೆ ದುಡಿದರೆ 60 ಗಂಟೆಯ ಕೂಲಿ ಅವಳ ಖಾತೆಗೆ ಹೋಗಲಿ. ಅದನ್ನು ಕಳೆದ ಮೇಲೂ ತೋಟ ನಿಂತರೆ ನಿಮ್ಮ ತೋಟ ನಿಜವಾಗಿ ನಿಂತಿದೆ. ನಿಲ್ಲದಿದ್ದರೆ ನಿಮ್ಮ ಲಾಭ ಅವಳ ಬೆನ್ನುನೋವಿನಿಂದ ಬಂದದ್ದು. 'ಕೈ ಕೆಸರಾದರೆ ಬಾಯಿ ಮೊಸರು' ಅಂತಾರೆ. ಯಾರ ಕೈ ಕೆಸರು, ಯಾರ ಬಾಯಿ ಮೊಸರು ಅಂತ ನಾವೂ ಕೇಳ್ಕೋಬೇಕು.

ಜಮೀನಿಲ್ಲದವರು

ನಮ್ಮಲ್ಲಿ ಎಷ್ಟೋ ಜನಕ್ಕೆ ಪಹಣಿಯೇ ಇಲ್ಲ. 2020ರ ಭೂಸುಧಾರಣಾ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಕೊಳ್ಳೋ ದುಡ್ಡಿಗೆ ಸೊಪ್ಪು ಬೆಳೆದು ಬಡ್ಡಿ ಕಟ್ಟೋಕೂ ಆಗಲ್ಲ, ಆ ಆಸೆ ಬಿಡಿ. ಗುತ್ತಿಗೆಗೆ ತಗೊಳ್ಳೋಣ ಅಂದ್ರೆ, ಕೃಷಿ ಜಮೀನನ್ನು ಗೇಣಿಗೆ ಕೊಡೋದಕ್ಕೆ ನಮ್ಮ ರಾಜ್ಯದ ಕಾಯ್ದೆಯಲ್ಲಿ ಬಿಗಿ ನಿರ್ಬಂಧ ಇದೆ. ಅದಕ್ಕೇ ಊರುಗಳಲ್ಲಿ ಎಲ್ಲವೂ ಬಾಯಿಮಾತಿನ ಮೇಲೆ ನಡೆಯುತ್ತೆ, ಫಸಲು ಚೆನ್ನಾಗಿ ಬಂದ ವರ್ಷವೇ 'ಮುಂದಿನ ವರ್ಷ ನಾವೇ ಮಾಡ್ತೀವಿ' ಅನ್ನೋ ಮಾತೂ ಬರುತ್ತೆ. ಜಮೀನಿರೋ ಸ್ನೇಹಿತನ ಜೊತೆ ಸೇರೋದು ಇದಕ್ಕಿಂತ ವಾಸಿ. ಅವನ ಮನೆಯವರು ಬೆಳೀಲಿ, ನೀವು ಗಿರಾಕಿ, ಸಾಗಾಟ, ಲೆಕ್ಕ ನೋಡ್ಕೊಳ್ಳಿ. ಬೇರೆಯವರ ನೆಲದಲ್ಲಿ ಸುತ್ತಿ ಎತ್ತಿಕೊಂಡು ಹೋಗಲಾಗದ್ದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಡ್ರಿಪ್ ಪೈಪ್ ಸುತ್ತಬಹುದು, ಬೋರ್‌ವೆಲ್ ಸುತ್ತೋಕಾಗಲ್ಲ.

ಕೆಲಸ ಬಿಡೋದು ಯಾವಾಗ?

'20 ಮನೆಗೆ ಚೀಲ ಕೊಟ್ಟರೆ ರೈತರ ಕಷ್ಟ ತೀರುತ್ತಾ?' ಅಂತ ಕೇಳೋರಿದ್ದಾರೆ. ಇಲ್ಲ, ತೀರಲ್ಲ. ಕೋಲಾರದ ಮಂಡಿಗೆ ಬರೋ ಟೊಮೆಟೊವನ್ನು ಸ್ಕೂಟರಿನಲ್ಲಿ ಮನೆಮನೆಗೆ ಹಂಚೋಕಾಗಲ್ಲ. ಅದಕ್ಕೆ ಶೀತಲಗೃಹ, ಸಂಸ್ಕರಣೆ, ಹಾಪ್‌ಕಾಮ್ಸ್‌ನಂಥ ಸಹಕಾರಿ ವ್ಯವಸ್ಥೆಗಳು ಗಟ್ಟಿಯಾಗಬೇಕು, ಸರ್ಕಾರ ಮಾಡಬೇಕಾದ್ದು ಬಹಳ ಇದೆ. ನಾವು ಹೇಳ್ತಿರೋದು ಹೊಸದಾಗಿ ಇಳಿಯೋ ಒಬ್ಬರು ಮುಳುಗದೆ ಈಜು ಕಲಿಯೋ ದಾರಿ, ಅಷ್ಟೇ.

ಹಾಗಾದರೆ ಕೆಲಸ ಬಿಡೋದು ಯಾವಾಗ? ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಮೂರನ್ನೂ ತೋಟ ದಾಟಬೇಕು. ಮಳೆಗಾಲದಲ್ಲಿ ಸೊಪ್ಪು ಕೊಳೆಯುತ್ತೆ, ಬೇಸಿಗೆಯಲ್ಲಿ ಬೋರು ಬತ್ತುತ್ತೆ, ಚಳಿಗಾಲದಲ್ಲಿ ಎಲ್ಲರ ಮನೆ ಹಿತ್ತಲಲ್ಲೂ ತರಕಾರಿ ಇರುತ್ತೆ. ಈ 12 ತಿಂಗಳ ಲೆಕ್ಕದ ಪುಸ್ತಕದಲ್ಲಿ ಎಲ್ಲರ ಕೂಲಿ ಕಳೆದು ಹಣ ಉಳಿದಿದ್ದರೆ 10 ಗುಂಟೆಯನ್ನು 20 ಮಾಡಿ. ಅಲ್ಲೂ ಉಳಿದರೆ, ಆಗ ಬೇಕಾದರೆ ರಾಜೀನಾಮೆ ಬಗ್ಗೆ ಮಾತಾಡೋಣ. ಉಳಿಯದಿದ್ದರೆ ಕಳ್ಕೊಂಡದ್ದು 10 ಗುಂಟೆಯ ಖರ್ಚು. ಅಪ್ಪನ ಜಮೀನೂ ಇದೆ, ನಿಮ್ಮ ಕೆಲಸವೂ ಇದೆ.

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗೋ ಗೆಳೆಯರಿಗೆ ನಮ್ಮದೊಂದು ಕೋರಿಕೆ. 60 ಮಡಿ ಬೇಡ, ನಾಲ್ಕೇ ಮಡಿ ಮಾಡಿ. ಹರಿವೆ, ಮೆಂತ್ಯ, ಮೂಲಂಗಿ, ಬೀನ್ಸು. ಬಿತ್ತೋಕೆ ಮುಂಚೆ ಪಕ್ಕದ ಪಟ್ಟಣದಲ್ಲಿ ಐದು ಮನೆ ಹುಡುಕಿ, ಮುಂಗಡವಾಗಿ ಕಾಲು ಭಾಗ ದುಡ್ಡು ಕೇಳಿ. ಸಸಿ ನೆಡೋದಕ್ಕಿಂತ ಆ ದುಡ್ಡು ಕೇಳೋದೇ ಕಷ್ಟ ಅಂತ ಮೊದಲ ದಿನವೇ ಗೊತ್ತಾಗುತ್ತೆ. ಒಂದು 20 ರೂಪಾಯಿ ನೋಟ್‌ಬುಕ್ಕಿನಲ್ಲಿ ಬಂದದ್ದು, ಹೋದದ್ದು, ಯಾರು ಎಷ್ಟು ಗಂಟೆ ದುಡಿದರು ಅನ್ನೋದನ್ನು ಬರೀರಿ. ರಜೆ ಮುಗಿಸಿ ಬರುವಾಗ ಆ ನೋಟ್‌ಬುಕ್ ತನ್ನಿ, ಕನ್ನಡ ಸಂಘದ ಕೋಣೆಯಲ್ಲಿ ಒಟ್ಟಿಗೆ ಕೂತು ನೋಡೋಣ. ಅಮ್ಮನ ಗಂಟೆಗಳ ಕಾಲಂ ಖಾಲಿ ಇದ್ದರೆ ಮಾತ್ರ ವಾಪಸ್ ಕಳಿಸ್ತೀವಿ.